ಆಳಕ್ಕೆ ಇಳಿಯುವ ಮುನ್ನ

2025ನೆಯ ಇಸವಿಯ ಆಗಸ್ಟ್ 5ರಂದು ಆಳಸಮುದ್ರಕ್ಕೆ ಸಂಬಂಧಪಟ್ಟ ಎರಡು ಸಂಗತಿಗಳು ಒಂದೇ ದಿನ ಜರುಗಿದವು. ಅಮೆರಿಕದ ಕರಾವಳಿ ರಕ್ಷಣಾ ಪಡೆಯ ತನಿಖಾ ಮಂಡಳಿಯು 'ಟೈಟನ್' ಎಂಬ ನೌಕೆಯ ವಿನಾಶವನ್ನು ಕುರಿತು ಮುನ್ನೂರಕ್ಕೂ ಹೆಚ್ಚು ಪುಟಗಳ ವರದಿಯೊಂದನ್ನು ಅಂದು ಪ್ರಕಟಿಸಿತು. ಅದೇ ದಿನ ಅಟ್ಲಾಂಟಿಕ್ ಸಾಗರದಲ್ಲಿ, ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಶ್ರೀ ಆರ್. ರಮೇಶರು ಫ್ರಾನ್ಸ್ ದೇಶದ 'ನಾಟೀಲ್' ಎಂಬ ನೌಕೆಯಲ್ಲಿ ಕುಳಿತು 4,025 ಮೀಟರ್ ಆಳಕ್ಕೆ ಇಳಿದರು. ಮರುದಿನ ನೌಕಾದಳದ ನಿವೃತ್ತ ಅಧಿಕಾರಿ ಶ್ರೀ ಜತಿಂದರ್ ಪಾಲ್ ಸಿಂಗರು ಅದೇ ನೌಕೆಯಲ್ಲಿ 5,002 ಮೀಟರ್ ಆಳವನ್ನು ಮುಟ್ಟಿ ಬಂದರು. ಎರಡನೆಯ ಸುದ್ದಿಯನ್ನು ಓದಿ ಹೆಮ್ಮೆಪಟ್ಟ ತರುಣ ವಾಚಕರು ಮೊದಲನೆಯದನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕೆಂಬುದು ನಮ್ಮ ಅಪೇಕ್ಷೆ. ಟೈಟನ್ನಿನ ಗುರಿಯು ಸುಮಾರು 3,800 ಮೀಟರ್ ಆಳದಲ್ಲಿದ್ದಿತು. ನಮ್ಮವರು ಅದಕ್ಕಿಂತ ಕೆಳಗೆ ಹೋಗಿ ಸುಖವಾಗಿ ಮೇಲಕ್ಕೆ ಬಂದರು. ಸಾಗರ ಅದೇ, ನೀರಿನ ಭಾರ ಅದೇ. ವ್ಯತ್ಯಾಸವಾದದ್ದು ಎಲ್ಲಿ?

ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ರೈತರ ಮುಂದೆ 'ಸಬ್‌ಮರ್ಸಿಬಲ್' ಎಂದರೆ ಅವರ ಮನಸ್ಸಿಗೆ ಬರುವುದು ಕೊಳವೆಬಾವಿಯೊಳಗೆ ಇಳಿಬಿಟ್ಟ ಪಂಪು. ಮನುಷ್ಯರನ್ನು ಹೊತ್ತು ಕಡಲಿನ ತಳಕ್ಕೆ ಹೋಗುವ ಪುಟ್ಟ ನೌಕೆಗೂ ಅದೇ ಹೆಸರು ಉಂಟು. ಯುದ್ಧದ ಜಲಾಂತರ್ಗಾಮಿಯು ತಿಂಗಳುಗಟ್ಟಲೆ ಸ್ವತಂತ್ರವಾಗಿ ಸಂಚರಿಸಬಲ್ಲದಾದರೂ ಸಾಮಾನ್ಯವಾಗಿ ಕೆಲವು ನೂರು ಮೀಟರುಗಳಿಗಿಂತ ಕೆಳಗೆ ಹೋಗಲಾರದು. ಈ ಪುಟ್ಟ ನೌಕೆಯಾದರೋ ತಾಯಿಹಡಗಿನ ಆಸರೆಯಿಲ್ಲದೆ ಬಾಳಲಾರದು, ಆದರೆ ಸಾವಿರಾರು ಮೀಟರು ಇಳಿಯಬಲ್ಲದು. ಇದನ್ನು ನಾವು ಮುಳುಗುನೌಕೆಯೆಂದು ಕರೆಯೋಣ.

ಟೈಟನ್ ಅಂಥದೊಂದು ಮುಳುಗುನೌಕೆ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಅವಶೇಷವನ್ನು ತೋರಿಸುವುದಕ್ಕಾಗಿ 'ಓಷನ್‌ಗೇಟ್' ಎಂಬ ಅಮೆರಿಕದ ಕಂಪನಿಯು ಇದನ್ನು ಕಟ್ಟಿಸಿತ್ತು. ಒಬ್ಬರಿಗೆ ಎರಡೂವರೆ ಲಕ್ಷ ಡಾಲರು, ಎಂದರೆ ನಮ್ಮ ಎರಡು ಕೋಟಿ ರೂಪಾಯಿಗೂ ಮೇಲ್ಪಟ್ಟ ಶುಲ್ಕ. 2023ರ ಜೂನ್ 18ರಂದು 'ಪೋಲಾರ್ ಪ್ರಿನ್ಸ್' ಎಂಬ ತಾಯಿಹಡಗಿನ ಬಳಿಯಿಂದ ಅದು ಐವರನ್ನು ಹೊತ್ತು ಇಳಿಯಿತು. ಕಂಪನಿಯ ಮುಖ್ಯಸ್ಥ ಸ್ಟಾಕ್ಟನ್ ರಶ್ ಅವರೇ ಚಾಲಕರು. ಫ್ರಾನ್ಸಿನ ಪಾಲ್‌-ಆನ್ರಿ ನಾರ್ಜೋಲೆ ಎಂಬ ಅನುಭವಿ ಇನ್ನೊಬ್ಬರು. ಇವರು 1987ರಲ್ಲಿಯೇ, ಈಗ ನಮ್ಮವರು ಇಳಿದ ಅದೇ ನಾಟೀಲ್ ನೌಕೆಯ ತಂಡದೊಡನೆ ಟೈಟಾನಿಕ್ಕನ್ನು ಕಂಡು ಬಂದವರು. ಉಳಿದ ಮೂವರಲ್ಲಿ ಇಬ್ಬರು ತಂದೆ-ಮಗ. ಮಗ ಹತ್ತೊಂಬತ್ತು ವರ್ಷದ ಕಾಲೇಜು ವಿದ್ಯಾರ್ಥಿ.

ಇಳಿಯತೊಡಗಿ ಒಂದೂವರೆ ಗಂಟೆ ಕಳೆದ ಬಳಿಕ ಸಂಪರ್ಕ ಕಡಿದುಹೋಯಿತು. ನೌಕೆಯಲ್ಲಿ 96 ಗಂಟೆಗಳಿಗೆ ಸಾಲುವಷ್ಟು ಆಮ್ಲಜನಕವುಂಟೆಂದು ತಿಳಿದ ಜಗತ್ತು ನಾಲ್ಕು ದಿನ ಗಡಿಯಾರ ನೋಡುತ್ತ ಕುಳಿತಿತು. ಜೂನ್ 22ರಂದು ದೂರನಿಯಂತ್ರಿತ ಯಂತ್ರವೊಂದು ಟೈಟಾನಿಕ್ಕಿನ ಮೂತಿಯಿಂದ ಸುಮಾರು ಅರ್ಧ ಕಿಲೋಮೀಟರ್ ಅಂತರದಲ್ಲಿ ಟೈಟನ್ನಿನ ಚೂರುಗಳನ್ನು ಕಂಡಿತು. ನಾವೆಲ್ಲರೂ ಎಣಿಸುತ್ತಿದ್ದ ಗಂಟೆಗಳು ಮೊದಲನೆಯ ದಿನವೇ ಮಡಿದವರ ಗಂಟೆಗಳಾಗಿದ್ದವು. ಆ ದಿನಗಳಲ್ಲಿ ಫೋನುಗಳ ಮೇಲೆ ಹರಿದಾಡಿದ ನಗೆಚಾಟಿಕೆಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹಣವಂತರ ಸಾವು ಅಗ್ಗದ ಹಾಸ್ಯಕ್ಕೆ ವಸ್ತುವೆಂದು ನಂಬುವವರಿಗೆ ಹೇಳುವಂಥದು ನಮ್ಮಲ್ಲಿ ಏನೂ ಇಲ್ಲ. ಇರಲಿ.

ಒಂದು ಸಣ್ಣ ಲೆಕ್ಕವನ್ನು ಮಾಡೋಣ. ನೀರಿನಲ್ಲಿ ಪ್ರತಿ ಹತ್ತು ಮೀಟರು ಇಳಿದಂತೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಹೊಲದ ಬಾವಿಯ ತಳಕ್ಕೆ ಮುಳುಗು ಹಾಕಿದ ಹುಡುಗನ ಕಿವಿ ನೋಯುವುದು ಈ ಕಾರಣದಿಂದಲೇ. 3,800 ಮೀಟರ್ ಆಳದಲ್ಲಿ ಈ ಒತ್ತಡವು ಚದರ ಸೆಂಟಿಮೀಟರಿಗೆ 390 ಕಿಲೋಗ್ರಾಮಿನ ಆಸುಪಾಸಿಗೆ ಬರುತ್ತದೆ. ಎಂದರೆ, ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಕ್ವಿಂಟಲ್ ತೂಕದ ನಾಲ್ಕು ಜೋಳದ ಚೀಲಗಳನ್ನು ಪೇರಿಸಿದ ಹಾಗೆ. ಇಡೀ ಗೋಡೆಯ ಮೇಲಿನ ಭಾರವನ್ನು ಕೂಡಿಸಿದರೆ ಅದು ಹತ್ತಾರು ಸಾವಿರ ಟನ್ನುಗಳಾಗುತ್ತದೆ. ಒಳಗೆ ಮಾತ್ರ ನಾವು ಉಸಿರಾಡುವ ಸಾಮಾನ್ಯ ಗಾಳಿ, ಒಂದೇ ವಾಯುಭಾರ. ಗೋಡೆ ಒಂದೆಡೆ ಸೋತರೆ ಸಾಕು, ಸೆಕೆಂಡಿನ ಕೆಲವು ಸಾವಿರದೊಂದು ಪಾಲಿನಷ್ಟು ಹೊತ್ತಿನಲ್ಲಿ ಎಲ್ಲವೂ ಮುಗಿಯುತ್ತದೆ. ನರಗಳು ನೋವನ್ನು ಮಿದುಳಿಗೆ ಮುಟ್ಟಿಸುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಆ ಐವರ ಬಂಧುಗಳಿಗೆ ಭೌತಶಾಸ್ತ್ರವು ಕೊಡಬಲ್ಲ ಸಮಾಧಾನ ಇದೊಂದೇ.

ಈ ಭಾರವನ್ನು ತಡೆಯುವುದಕ್ಕೆ ಗೋಳವು ಅತ್ಯುತ್ತಮವಾದ ಆಕೃತಿ. ಒಂದೇ ವ್ಯಾಸ, ಒಂದೇ ದಪ್ಪದ ಗೋಡೆಯಿದ್ದರೆ, ಉರುಳೆಯ ಗೋಡೆಯಲ್ಲಿ ಉಂಟಾಗುವ ಸುತ್ತುಬಲದ ಅರ್ಧದಷ್ಟು ಮಾತ್ರ ಗೋಳದ ಗೋಡೆಯಲ್ಲಿ ಉಂಟಾಗುತ್ತದೆ. 1934ರಲ್ಲಿ ಬೀಬ್ ಮತ್ತು ಬಾರ್ಟನ್ ಎಂಬವರು 923 ಮೀಟರ್ ಇಳಿದದ್ದು ಉಕ್ಕಿನ ಗೋಳದಲ್ಲಿ. 1960ರ ಜನವರಿ 23ರಂದು ಜಾಕ್ ಪಿಕಾರ್ ಹಾಗೂ ಡಾನ್ ವಾಲ್ಶ್ ಇಬ್ಬರೂ 'ತ್ರಿಯೆಸ್ತೆ'ಯಲ್ಲಿ ಕುಳಿತು ಭೂಮಿಯ ಅತ್ಯಂತ ಆಳವಾದ ತಾಣವನ್ನು, ಸುಮಾರು 10,900 ಮೀಟರನ್ನು, ಮುಟ್ಟಿದ್ದೂ ಗೋಳದಲ್ಲಿಯೇ. ನಾಟೀಲ್ ನೌಕೆಯಲ್ಲಿ ಜನ ಕೂರುವುದು ಟೈಟಾನಿಯಂ ಗೋಳದೊಳಗೆ. ಆದರೆ ಗೋಳದಲ್ಲಿ ಮೂವರು ಮೊಣಕಾಲು ಮಡಚಿ ಕೂಡುವುದೇ ಕಷ್ಟ. ಉರುಳೆಯಾದರೆ ಐವರು ಹಿಡಿಸುತ್ತಾರೆ. ಶುಲ್ಕ ಕೊಡುವವರ ಸಂಖ್ಯೆಯೂ ಹೆಚ್ಚುತ್ತದೆ. ಟೈಟನ್ನಿನ ಆಕೃತಿಯನ್ನು ನಿಶ್ಚಯಿಸುವಾಗ ಭೌತಶಾಸ್ತ್ರಜ್ಞನ ಜೊತೆಗೆ ಟಿಕೇಟಿನ ಗುಮಾಸ್ತನೂ ಕುಳಿತಿದ್ದನೆಂದು ಹೇಳಿದರೆ ತಪ್ಪಾಗಲಾರದು.

ಇನ್ನು ಗೋಡೆಯ ವಸ್ತುವಿನ ಮಾತು. ಟೈಟನ್ನಿನ ನಡುಭಾಗವು ಸುಮಾರು 127 ಮಿಲಿಮೀಟರ್ ದಪ್ಪದ ಕಾರ್ಬನ್ ನಾರಿನ ಉರುಳೆ; ಎರಡು ತುದಿಗಳಲ್ಲಿ ಟೈಟಾನಿಯಂ ಬಳೆಗಳು, ಅವುಗಳಿಗೆ ಟೈಟಾನಿಯಂ ಮುಚ್ಚಳಗಳು. ನಾರಿಗೂ ಬಳೆಗೂ ನಡುವಿನ ಬಂಧ ಅಂಟಿನದು. ಕಾರ್ಬನ್ ನಾರು ಹಗುರವಾದದ್ದು, ಎಳೆತಕ್ಕೆ ಅತಿ ಬಲವಾದದ್ದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯಗಳ ಕುಶಲಿಗಳು 'ತೇಜಸ್' ಯುದ್ಧವಿಮಾನಕ್ಕಾಗಿ ಇದರಿಂದ ಭಾಗಗಳನ್ನು ಮಾಡಿ ಹೆಸರಾದವರು. ಆದರೆ ಹಗ್ಗದಿಂದ ಎತ್ತನ್ನು ಎಳೆಯಬಹುದಲ್ಲದೆ ನೂಕಲಾಗದು. ನಾರೆಂಬುದರ ಸ್ವಭಾವವೇ ಅಂಥದು: ಎಳೆದರೆ ಸೆಟೆದು ನಿಲ್ಲುತ್ತದೆ, ಒತ್ತಿದರೆ ಬಾಗುತ್ತದೆ. ಒತ್ತಿದಾಗ ಅದನ್ನು ಬಾಗಗೊಡದೆ ಹಿಡಿದಿಡುವುದು ಸುತ್ತಲಿನ ರಾಳ. ವಿಮಾನದ ಕೋಣೆಯಲ್ಲಿ ಒತ್ತಡವು ಒಳಗಿನಿಂದ ಹೊರಕ್ಕೆ, ಅದೂ ಒಂದು ವಾಯುಭಾರಕ್ಕಿಂತ ಕಡಿಮೆ. ಟೈಟಾನಿಕ್ಕಿನ ಬಳಿಯಲ್ಲಿಯೋ ಹೊರಗಿನಿಂದ ಒಳಕ್ಕೆ, ಸುಮಾರು 380 ವಾಯುಭಾರ. ಪದರಗಳ ನಡುವೆ ಒಂದು ಸುಕ್ಕು, ಒಂದು ಗಾಳಿಯ ಪೊಳ್ಳು ಉಳಿದರೂ ಅಲ್ಲಿ ನಾರಿಗೆ ಆಸರೆ ತಪ್ಪಿದಂತೆಯೇ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯವರು ಟೈಟನ್ನಿನ ಗೋಡೆಯನ್ನು ಪರೀಕ್ಷಿಸಿದಾಗ ಕಂಡದ್ದು ಇಂಥ ಸುಕ್ಕುಗಳನ್ನೂ ಪೊಳ್ಳುಗಳನ್ನೂ.

ಇದರಿಂದ ಕಾರ್ಬನ್ ನಾರೇ ಅಪರಾಧಿಯೆಂದು ತೀರ್ಮಾನಿಸುವವರನ್ನು ನಾವು ಒಪ್ಪುವುದಿಲ್ಲ. ವಸ್ತುವಿಗೆ ಅಪರಾಧವಿಲ್ಲ, ಅದಕ್ಕೆ ಗುಣವಿದೆ, ಮಿತಿಯಿದೆ. ಆ ಮಿತಿಯನ್ನು ಕಂಡುಹಿಡಿಯುವ ವಿಧಾನವೂ ಅರ್ಧ ಶತಮಾನಕ್ಕಿಂತ ಹಿಂದಿನಿಂದ ತಿಳಿದದ್ದೇ.

ಆ ವಿಧಾನವನ್ನು ಜಗತ್ತಿಗೆ ಕಲಿಸಿದ್ದು ಇನ್ನೊಂದು ದುರಂತ. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ 'ಕಾಮೆಟ್' ಎಂಬ ಜೆಟ್ ವಿಮಾನ ಪ್ರಯಾಣಿಕರನ್ನು ಹೊತ್ತು ಹಾರತೊಡಗಿತು. 1953ರ ಮೇ 2ರಂದು ಅದರಲ್ಲೊಂದು ಕಲಕತ್ತೆಯ ಸಮೀಪ ಬಿರುಗಾಳಿಯಲ್ಲಿ ಒಡೆದು ಬಿದ್ದು 43 ಜನ ಸತ್ತರು. 1954ರಲ್ಲಿ ಇಟಲಿಯ ಹತ್ತಿರದ ಸಮುದ್ರದಲ್ಲಿ ಮೂರು ತಿಂಗಳ ಅಂತರದಲ್ಲಿ ಇನ್ನೆರಡು ಬಿದ್ದವು. ಆಗ ಫಾರ್ನ್‌ಬರೋ ಎಂಬಲ್ಲಿನ ವಿಜ್ಞಾನಿಗಳು ಇಡೀ ವಿಮಾನವನ್ನೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಅದರೊಳಗಿನ ಒತ್ತಡವನ್ನು ಏರಿಸುತ್ತ ಇಳಿಸುತ್ತ ಹಗಲಿರುಳು ಕಾದರು. ಹಾರಿದ್ದು, ತೊಟ್ಟಿಯಲ್ಲಿ ಒತ್ತಿದ್ದು ಎಲ್ಲ ಕೂಡಿ ಮೂರು ಸಾವಿರದಷ್ಟು ಸಲ ಆದ ಬಳಿಕ ಕೋಣೆಯ ಗೋಡೆ ಕಿಟಕಿಯ ಮೂಲೆಯಿಂದ ಸೀಳಿಹೋಯಿತು. ಕಬ್ಬಿಣದ ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ. ಅತ್ತ ಇತ್ತ ಹತ್ತಿಪ್ಪತ್ತು ಸಲ ಬಗ್ಗಿಸಿದರೆ ಮುರಿಯುತ್ತದೆಂಬುದು ಬೇಲಿ ಕಟ್ಟುವ ಹುಡುಗನಿಗೂ ಗೊತ್ತು. ವಸ್ತುವಿನ ಈ ದಣಿವು ಕಣ್ಣಿಗೆ ಕಾಣುವುದಿಲ್ಲ, ಲೆಕ್ಕ ಇಡುತ್ತ ಹೋಗುತ್ತದೆ. ಮೊದಲನೆಯ ಸಾವಿರ ಸಲ ಸುಮ್ಮನಿದ್ದದ್ದು ಸಾವಿರದ ಒಂದನೆಯ ಸಲ ಸುಮ್ಮನಿರಬೇಕೆಂಬ ನಿಯಮವಿಲ್ಲ.

ಟೈಟನ್ನಿನವರು ಹೇಳುತ್ತಿದ್ದುದಾದರೂ ಅದನ್ನೇ: ಇಷ್ಟು ಸಲ ಇಳಿದೆವು, ಇಷ್ಟು ಸಲ ಬಂದೆವು. ಟೈಟಾನಿಕ್ಕಿನ ಆಳಕ್ಕೆ ಅದು ಹತ್ತಕ್ಕೂ ಹೆಚ್ಚು ಬಾರಿ ಹೋಗಿ ಬಂದಿತ್ತೆಂಬುದು ನಿಜವೇ. ಸಂಭವನೀಯತೆಯ ಗಣಿತವನ್ನು ಓದುತ್ತಿರುವ ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ಮಾಡಿ ನೋಡಬೇಕು. ಪ್ರತಿ ಹತ್ತು ಸಲಕ್ಕೊಮ್ಮೆ ಒಡೆಯುವಂಥ ಅತ್ಯಂತ ಅಪಾಯಕಾರಿಯಾದ ಸಾಧನವೊಂದು ಇದೆಯೆನ್ನಿ. ಅದು ಸಾಲಾಗಿ ಹತ್ತು ಸಲ ಕ್ಷೇಮವಾಗಿ ಮರಳುವ ಸಂಭವವೆಷ್ಟು? ಹತ್ತರಲ್ಲಿ ಒಂಬತ್ತೆಂಬ ಭಿನ್ನರಾಶಿಯನ್ನು ಹತ್ತು ಸಲ ಗುಣಿಸಿದರೆ ಸುಮಾರು 0.35 ಬರುತ್ತದೆ, ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಅಷ್ಟು ಕೆಟ್ಟ ಸಾಧನವೂ ಇಷ್ಟು ಸುಲಭವಾಗಿ ಒಳ್ಳೆಯದೆನಿಸಿಕೊಳ್ಳಬಲ್ಲದು! ಅದರ ಮೇಲೆ ಪ್ರತಿ ಸಲವೂ ಗೋಡೆ ಇನ್ನಷ್ಟು ದಣಿಯುತ್ತಿದ್ದರೆ, ಹಿಂದಿನ ಯಶಸ್ಸು ಧೈರ್ಯಕ್ಕೆ ಕಾರಣವಾಗುವ ಬದಲು ಎಚ್ಚರಕ್ಕೆ ಕಾರಣವಾಗಬೇಕು.

ಎಚ್ಚರಿಕೆಗಳೇನೂ ಕಡಿಮೆಯಿರಲಿಲ್ಲ. ಮೊದಲು ಕಟ್ಟಿದ ಉರುಳೆಯಲ್ಲಿ 2019ರಲ್ಲಿಯೇ ಬಿರುಕು ಕಂಡು ಅದನ್ನು ಕೈಬಿಡಬೇಕಾಯಿತು. ಎರಡನೆಯ ಉರುಳೆಯೊಡನೆ 2022ರ ಜುಲೈ 15ರಂದು ಮೇಲಕ್ಕೆ ಬರುತ್ತಿದ್ದಾಗ ಒಳಗಿದ್ದವರಿಗೆ ದೊಡ್ಡದೊಂದು ಸದ್ದು ಕೇಳಿಸಿತು. ಉರುಳೆಯು ತನ್ನ ಚೌಕಟ್ಟಿನಲ್ಲಿ ಜರುಗಿದ್ದರಿಂದ ಆದ ಸದ್ದೆಂದು ಅದಕ್ಕೆ ಅರ್ಥ ಹಚ್ಚಲಾಯಿತು. ಆದರೆ ಗೋಡೆಗೆ ಅಂಟಿಸಿದ್ದ ಮಾಪಕಗಳ ಅಂಕೆಗಳು ಆ ದಿನದಿಂದ ಬೇರೆಯ ಕಥೆ ಹೇಳತೊಡಗಿದ್ದವು: ಅದೇ ಆಳಕ್ಕೆ ಗೋಡೆಯು ಮೊದಲಿನಂತೆ ಕುಗ್ಗುತ್ತಿರಲಿಲ್ಲ, ಬೇರೆ ರೀತಿಯಾಗಿ ಕುಗ್ಗುತ್ತಿತ್ತು. ಚಕ್ಕಡಿಯ ಅಚ್ಚು ಹೊಸದಾಗಿ ಕಿರುಗುಟ್ಟತೊಡಗಿದರೆ ಹಳ್ಳಿಯ ಒಕ್ಕಲಿಗ ಗಾಡಿ ನಿಲ್ಲಿಸಿ ಇಳಿದು ನೋಡುತ್ತಾನೆ. ಇಲ್ಲಿ ಕಿರುಗುಟ್ಟುವ ಸದ್ದನ್ನು ಹಿಡಿಯಲೆಂದೇ ಬೆಲೆಬಾಳುವ ಯಂತ್ರಗಳನ್ನು ಕೂಡಿಸಿದ್ದರು. ಅವು ಹಿಡಿದವು ಕೂಡ. ಹಿಡಿದದ್ದನ್ನು ಕುಳಿತು ಓದಿ ನೌಕೆಯನ್ನು ನಿಲ್ಲಿಸುವ ಕೆಲಸ ನಡೆಯಲಿಲ್ಲ. ಆ ಚಳಿಗಾಲವಿಡೀ ಟೈಟನ್ ಕೆನಡಾದ ಹಿಮದಲ್ಲಿ ಬಯಲಿನಲ್ಲಿಯೇ ನಿಂತಿತ್ತು. ಮುಂದಿನ ಬೇಸಿಗೆಯಲ್ಲಿ ಮತ್ತೆ ನೀರಿಗಿಳಿಯಿತು.

ಬಾಯಿಬಿಟ್ಟು ಹೇಳಿದವರೂ ಇದ್ದರು. ಕಂಪನಿಯಲ್ಲಿಯೇ ಸಾಗರ ಕಾರ್ಯಾಚರಣೆಯ ಮುಖ್ಯಸ್ಥರಾಗಿದ್ದ ಡೇವಿಡ್ ಲಾಕ್ರಿಜ್ 2018ರಲ್ಲಿ ದೋಷಗಳನ್ನು ಬರೆದು ಕೊಟ್ಟರು. ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಅದೇ ವರ್ಷ ಮುಳುಗುನೌಕೆಗಳ ವಿಷಯ ಬಲ್ಲ ಮೂವತ್ತಕ್ಕೂ ಹೆಚ್ಚು ತಜ್ಞರು, ಈ ಪ್ರಯೋಗದ ದಾರಿ ಅನಾಹುತಕ್ಕೆ ಕೊಂಡೊಯ್ಯಬಹುದೆಂದು ಪತ್ರ ಸಿದ್ಧಪಡಿಸಿದರು. ಹಡಗು, ನೌಕೆಗಳ ವಿನ್ಯಾಸವನ್ನು ಕಟ್ಟುವವನಿಗೆ ಸೇರದ ಹೊರಗಿನ ಸಂಸ್ಥೆಯೊಂದು ತಪಾಸಣೆ ಮಾಡಿ ದರ್ಜೆ ಕೊಡುವ ಪದ್ಧತಿಯು ಬಹುಕಾಲದಿಂದ ಉಂಟು. ಟೈಟನ್ನನ್ನು ಅಂಥ ತಪಾಸಣೆಗೆ ಒಡ್ಡಲಿಲ್ಲ. ಹೊಸ ಶೋಧದ ವೇಗಕ್ಕೆ ತಪಾಸಣೆಯವರು ಹೊಂದಿಕೊಳ್ಳಲಾರರೆಂಬುದು ಕಂಪನಿಯ ವಾದ. ಒಂದು ಹಂತದ ಆಚೆಗೆ ಸುರಕ್ಷತೆಯೆಂಬುದು ಬರಿಯ ವ್ಯರ್ಥವೆಂಬರ್ಥದ ಮಾತನ್ನು ರಶ್ ಅವರು ಸಂದರ್ಶನವೊಂದರಲ್ಲಿ ಆಡಿದ್ದುಂಟು. ನೌಕೆಯು ಯಾವ ದೇಶಕ್ಕೂ ಸೇರದ ನೀರಿನಲ್ಲಿ ಇಳಿಯುತ್ತಿತ್ತು. ಪ್ರಯಾಣಿಕರನ್ನು ಪ್ರಯಾಣಿಕರೆಂದು ಕರೆಯದೆ ಯಾತ್ರೆಯ 'ವಿಶೇಷಜ್ಞ'ರೆಂದು ಕರೆದು ಕಾಯಿದೆಯ ಕಣ್ಣು ತಪ್ಪಿಸಲಾಗುತ್ತಿತ್ತು. ಈ ದುರಂತವನ್ನು ತಪ್ಪಿಸಬಹುದಾಗಿತ್ತೆಂಬುದೇ ತನಿಖಾ ಮಂಡಳಿಯ ನಿರ್ಣಯ.

ಎದುರುವಾದಿಗಳ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಎಲ್ಲರೂ ನಿಯಮದ ಪುಸ್ತಕ ಹಿಡಿದೇ ಕುಳಿತಿದ್ದರೆ ಮನುಷ್ಯ ಆಕಾಶಕ್ಕೂ ಏರುತ್ತಿರಲಿಲ್ಲ, ಪಾತಾಳಕ್ಕೂ ಇಳಿಯುತ್ತಿರಲಿಲ್ಲ. ತ್ರಿಯೆಸ್ತೆಯು ಇಳಿಯುತ್ತಿದ್ದಾಗ ಸುಮಾರು 9,000 ಮೀಟರ್ ಆಳದಲ್ಲಿ ಅದರ ಹೊರಭಾಗದ ಒಂದು ಕಿಟಕಿ ಸದ್ದುಮಾಡಿ ಬಿರಿಯಿತು. ಇಬ್ಬರೂ ಹಿಂದಿರುಗದೆ ಮುಂದುವರಿದರು. ಇದು ಸಾಹಸವಲ್ಲದೆ ಮತ್ತೇನು? ಆದರೆ ಆ ಪಿಕಾರ್ ಮನೆತನದವರು ಕೆಲಸ ಮಾಡಿದ ಬಗೆಯನ್ನೂ ನೋಡಬೇಕು. ತಂದೆ ಒಗಸ್ಟ್ ಪಿಕಾರ್ 1948ರಲ್ಲಿ ತಮ್ಮ ಮೊದಲನೆಯ ಆಳನೌಕೆಯನ್ನು ಒಳಗೆ ಯಾರೂ ಇಲ್ಲದೆ ಸುಮಾರು 1,400 ಮೀಟರ್ ಇಳಿಸಿ ಮೇಲಕ್ಕೆ ತಂದು, ಅದಕ್ಕಾದ ಪೆಟ್ಟನ್ನು ಪರೀಕ್ಷಿಸಿ, ಮತ್ತೆ ಹೊಸದನ್ನು ಕಟ್ಟುವತ್ತ ತಿರುಗಿದರು. ತ್ರಿಯೆಸ್ತೆಯೂ ಹಂತಹಂತವಾಗಿ ಆಳವನ್ನು ಹೆಚ್ಚಿಸುತ್ತ ಕೊನೆಯ ತಾಣವನ್ನು ಮುಟ್ಟಿತು. ಅದರಲ್ಲಿ ಕುಳಿತ ಇಬ್ಬರಿಗೂ ಅಪಾಯದ ಅರಿವು ಪೂರ್ತಿಯಾಗಿತ್ತು. ಅವರು ಟಿಕೇಟು ಮಾರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗನಿಂದ, ಸತ್ತರೆ ಹೊಣೆಯಲ್ಲವೆಂದು ಸಹಿ ಹಾಕಿಸಿಕೊಳ್ಳಬಹುದು. ಆದರೆ 2022ರ ಆ ಸದ್ದಿನ ನಂತರದ ಅಂಕೆಗಳನ್ನು ಅವನ ಮುಂದೆ ಇಡದಿದ್ದರೆ ಆ ಸಹಿಗೆ ಏನು ಅರ್ಥ?

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹಗೇವುಗಳಿರುವುದನ್ನು ಎಷ್ಟೋ ವಿದ್ಯಾರ್ಥಿಗಳು ನೋಡಿರಬಹುದು. ನೆಲದೊಳಗೆ ಅಗೆದು, ಹುಲ್ಲು ಹೊಂದಿಸಿ, ಜೋಳ ತುಂಬಿ, ಕಿರಿದಾದ ಬಾಯನ್ನು ಕಲ್ಲುಚಪ್ಪಡಿಯಿಂದ ಮುಚ್ಚಿ ಮಣ್ಣು ಮೆತ್ತಿದ ಕಣಜ ಅದು. ಒಳಗಿನ ಕಾಳು ಉಸಿರಾಡುತ್ತದೆ. ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಗಾಳಿಗಿಂತ ಭಾರವಾದ ಆ ಅನಿಲ ಹಗೇವಿನ ತಳದಲ್ಲಿ ಕೂಡಿರುತ್ತದೆ. ಬಾಯಿ ತೆರೆದ ಕೂಡಲೆ ಇಳಿದವನು ಮೇಲಕ್ಕೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಆದ್ದರಿಂದ ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ಕಂದೀಲು ಆರಿದರೆ ಯಾರೂ ಇಳಿಯಕೂಡದು. ಇದು ಒರಟಾದ ಪರೀಕ್ಷೆಯೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಮರೆಯಬಾರದು. ದೀಪ ಉರಿಯುತ್ತಿದ್ದರೂ ಗಾಳಿ ಕೆಟ್ಟಿರಬಹುದು. ಈಗ ಅದಕ್ಕಿಂತ ಉತ್ತಮವಾದ ಉಪಕರಣಗಳಿವೆ. ಆದರೆ ಆ ಪದ್ಧತಿಯಲ್ಲಿ ಎರಡು ಗುಣಗಳಿದ್ದವು. ಕಳೆದ ವರ್ಷ ಇಳಿದಾಗ ಏನೂ ಆಗಿರಲಿಲ್ಲವೆಂಬ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ. ಪ್ರತಿ ಸಲವೂ ದೀಪ ಮೊದಲು, ಮನುಷ್ಯ ಆಮೇಲೆ. ಎರಡನೆಯದಾಗಿ, ದೀಪ ಆರಿದ್ದನ್ನು ಬಾಯಿಯ ಸುತ್ತ ನಿಂತ ಮನೆಮಂದಿ, ಆಳುಮಕ್ಕಳು ಎಲ್ಲರೂ ಕಾಣುತ್ತಿದ್ದರು. ಗೌಡನೇ ಇಳಿಯಲು ಹೇಳಿದರೂ ಆಳು "ಯಪ್ಪಾ, ದೀಪಾ ಆರೈತ್ರೀ" ಎಂದು ಹಿಂದೆ ಸರಿಯಬಹುದಾಗಿತ್ತು. ಟೈಟನ್ನಿನಲ್ಲಿ ದೀಪ ಹಿಡಿದವನು, ಅದು ಆರಿತೋ ಇಲ್ಲವೋ ಎಂದು ಹೇಳುವವನು, ಇಳಿಯಿರೆಂದು ಅಪ್ಪಣೆ ಕೊಡುವವನು ಒಬ್ಬನೇ ಆಗಿದ್ದ. ಸ್ವತಃ ಇಳಿದು ಪ್ರಾಣ ಕೊಟ್ಟದ್ದರಿಂದ ಆತನ ಪ್ರಾಮಾಣಿಕತೆಯನ್ನು ಸಂಶಯಿಸಲಾಗದು. ಪ್ರಾಮಾಣಿಕತೆಯೊಂದೇ ಸಾಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ದುರಂತವಾದ ಮೇಲೆ ವರದಿ ಬರುತ್ತದೆ. ವರದಿಯ ಮೇಲೆ ನಿಯಮ ಬರುತ್ತದೆ. ಆಮೇಲೆ? 1963ರ ಏಪ್ರಿಲ್ 10ರಂದು ಅಮೆರಿಕದ 'ಥ್ರೆಷರ್' ಜಲಾಂತರ್ಗಾಮಿ 129 ಜನರೊಡನೆ ಮುಳುಗಿತು. ಅದೇ ವರ್ಷದ ಡಿಸೆಂಬರಿನಿಂದ ಅವರ ನೌಕಾದಳದವರು, ನೀರಿನ ಒತ್ತಡವನ್ನು ತಡೆಯುವ ಪ್ರತಿಯೊಂದು ಭಾಗಕ್ಕೂ ಕಾಗದಪತ್ರ ಸಹಿತವಾದ ಸಾಕ್ಷ್ಯವನ್ನು ಕೇಳುವ ಪದ್ಧತಿಯನ್ನು ಹಾಕಿಕೊಂಡರು. ಅದಕ್ಕೆ ಹಿಂದಿನ ಐದು ದಶಕಗಳಲ್ಲಿ ಯುದ್ಧದ ಹೊರತಾದ ಕಾರಣಗಳಿಂದ 16 ಜಲಾಂತರ್ಗಾಮಿಗಳನ್ನು ಕಳೆದುಕೊಂಡಿದ್ದ ಆ ದಳ, ಬಳಿಕ ಕಳೆದುಕೊಂಡದ್ದು ಒಂದನ್ನೇ. ಆ ಒಂದಕ್ಕೆ ಈ ಸಾಕ್ಷ್ಯಪತ್ರ ದೊರೆತಿರಲಿಲ್ಲ. ಇತ್ತ ನಮ್ಮಲ್ಲಿ, ಬಿಟ್ಟ ಕೊಳವೆಬಾವಿಗಳ ಬಾಯನ್ನು ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಆಜ್ಞೆ ಮಾಡಿತು. 2014ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿಯೂ, 2017ರಲ್ಲಿ ಅಥಣಿ ತಾಲೂಕಿನಲ್ಲಿಯೂ ಅಂಥ ಬಾಯಿಗಳಲ್ಲಿ ಬಿದ್ದು ಎಳೆಯ ಮಕ್ಕಳು ಸತ್ತರು. ಎರಡು ಸಲವೂ ಜಾತ್ರೆಯಂತೆ ಜನ ನೆರೆದರು. ಒಂದು ಬಾಯನ್ನು ಮುಚ್ಚಲು ಬೇಕಾದದ್ದು ಒಂದು ಕಬ್ಬಿಣದ ಮುಚ್ಚಳ. ಕಡಲು ಬಲು ದೂರವೆಂದು ನಾವು ಟೈಟನ್ನಿನ ಕಥೆಯನ್ನು ಪಕ್ಕಕ್ಕೆ ಇಡುವಂತಿಲ್ಲ.

ಕಾಲೇಜಿನ ಪ್ರಯೋಗಾಲಯವೂ ಅಷ್ಟೇನೂ ದೂರವಲ್ಲ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವನ್ನು ಎಲ್ಲರೂ ಮಾಡಿರುತ್ತಾರೆ. ಉತ್ತರ ಸೆಕೆಂಡಿನ ವರ್ಗಕ್ಕೆ 981 ಸೆಂಟಿಮೀಟರ್ ಬರಬೇಕೆಂದು ಪುಸ್ತಕದಲ್ಲಿದೆ. ಆಂದೋಲನಗಳನ್ನು ಎಣಿಸುವ ಮೊದಲೇ ಉತ್ತರವನ್ನು ಬರೆದುಕೊಂಡು, ಅದಕ್ಕೆ ಹೊಂದುವ ಅಂಕೆಗಳನ್ನು ಹಿಂದಿನಿಂದ ಮುಂದಕ್ಕೆ ತಯಾರಿಸಿ ಜರ್ನಲಿನಲ್ಲಿ ತುಂಬುವ ಕಲೆಯಲ್ಲಿ ನಮ್ಮ ವಿದ್ಯಾರ್ಥಿಗಳು ನಿಪುಣರು. ಇದರಲ್ಲಿ ಒಂದು ವಿನೋದವೂ ಉಂಟು. ಭೂಮಧ್ಯರೇಖೆಯಿಂದ 15 ಡಿಗ್ರಿಯ ಆಚೀಚೆ, ಸಮುದ್ರಮಟ್ಟದಿಂದ ಆರೇಳು ನೂರು ಮೀಟರ್ ಎತ್ತರದಲ್ಲಿರುವ ನಮ್ಮ ಧಾರವಾಡ ಜಿಲ್ಲೆಯಲ್ಲಿ ನಿಜವಾದ ಬೆಲೆಯು 978ರ ಹತ್ತಿರ. ಎಚ್ಚರಿಕೆಯಿಂದ ಅಳೆದವನಿಗೆ 978 ಬಂದರೆ ಅವನು ಅಂಜಿ ಅದನ್ನು ಅಳಿಸಿ 981 ಮಾಡುತ್ತಾನೆ. ಎಂದರೆ ಸರಿಯಾದುದನ್ನು ತಿದ್ದಿ ತಪ್ಪು ಮಾಡುತ್ತಾನೆ! ಪರೀಕ್ಷಕರೂ 981ಕ್ಕೇ ಹೆಚ್ಚು ಅಂಕ ಕೊಡುವುದುಂಟು. ದೋಷವು ಹುಡುಗರದಷ್ಟೇ ಅಲ್ಲ, ನಮ್ಮ ವೃತ್ತಿಯದೂ ಹೌದು. ಲೋಲಕ ಯಾರನ್ನೂ ಕೊಲ್ಲುವುದಿಲ್ಲ. ಆದರೆ ಬೇಡವಾದ ಅಂಕೆಯನ್ನು ಕಂಡಾಗ ಕಣ್ಣು ಹೊರಳಿಸುವ ಅಭ್ಯಾಸ ಹದಿನೆಂಟನೆಯ ವಯಸ್ಸಿನಲ್ಲಿ ಬಿದ್ದರೆ, ಮೂವತ್ತೈದನೆಯ ವಯಸ್ಸಿನಲ್ಲಿ ಅದೇ ಕಣ್ಣಿನ ಮುಂದೆ ಸೇತುವೆಯದೋ ಬಾಯ್ಲರಿನದೋ ಮುಳುಗುನೌಕೆಯದೋ ಮಾಪಕ ಇರಬಹುದು.

ಈ ಮಾತಿಗೆ ಈಗ ತುರ್ತು ಬಂದಿದೆ. 2021ರಲ್ಲಿ ಭಾರತ ಸರಕಾರವು 4,077 ಕೋಟಿ ರೂಪಾಯಿಗಳ ಆಳಸಾಗರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಅಂಗವಾಗಿ ಚೆನ್ನೈಯ ಸಂಸ್ಥೆಯವರು 'ಮತ್ಸ್ಯ 6000' ಎಂಬ ಮುಳುಗುನೌಕೆಯನ್ನು ಸಿದ್ಧಪಡಿಸಲು ತೊಡಗಿದರು. ಮೂವರನ್ನು 6,000 ಮೀಟರ್ ಆಳಕ್ಕೆ ಕೊಂಡೊಯ್ಯುವುದು ಇದರ ಉದ್ದೇಶ. ಕೂರುವ ಕೋಣೆಯು 2.1 ಮೀಟರ್ ಒಳವ್ಯಾಸದ, 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಮಿಶ್ರಲೋಹದ ಗೋಳ. ಆಕೃತಿಯೂ ವಸ್ತುವೂ ಹಿಂದಿನವರು ಪರೀಕ್ಷಿಸಿ ಒಪ್ಪಿದಂಥವು. 2025ರ ಆರಂಭದಲ್ಲಿ ಚೆನ್ನೈಯ ಹತ್ತಿರದ ಕಾಟ್ಟುಪ್ಪಳ್ಳಿ ಬಂದರಿನಲ್ಲಿ, ಕಡಿಮೆ ಆಳಕ್ಕೆ ಸಾಲುವ ಉಕ್ಕಿನ ಗೋಳವನ್ನು ಕೂಡಿಸಿ ನೌಕೆಯನ್ನು ನೀರಿನಲ್ಲಿ ಇಳಿಸಿ ನೋಡಿದರು. ಅದೇ ವರ್ಷದ ಆಗಸ್ಟಿನಲ್ಲಿ ನಮ್ಮವರಿಬ್ಬರು ಫ್ರಾನ್ಸಿನ ನೌಕೆಯಲ್ಲಿ ಇಳಿದದ್ದು ಇದಕ್ಕಾಗಿಯೇ, ಅನುಭವ ಪಡೆಯುವುದಕ್ಕೆ.

ಯೋಜನೆಯ ಗಡುವು ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ಚಂದ್ರನ ಮೇಲೆ ಯಂತ್ರ ಇಳಿಸಿದವರಿಗೆ ಸಮುದ್ರದಲ್ಲಿ ಇಳಿಯಲು ಇಷ್ಟು ತಡವೇಕೆಂದು ಕೇಳುವವರಿದ್ದಾರೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಯಂತ್ರದಲ್ಲಿ ಮನುಷ್ಯರಿರಲಿಲ್ಲ. ಅದಕ್ಕೆ ಮೊದಲು 2019ರಲ್ಲಿ ಇಳಿಯಲು ಹೋಗಿ ಅಪ್ಪಳಿಸಿದ ಯಂತ್ರದಲ್ಲಿಯೂ ಇರಲಿಲ್ಲ. ಮತ್ಸ್ಯದಲ್ಲಿ ಮೂವರು ಕೂಡುತ್ತಾರೆ. ಇಲ್ಲಿ ತಡವಾದರೆ ನಮಗೆ ಕಿಂಚಿತ್ತೂ ಬೇಸರವಿಲ್ಲ. ಬದಲಾಗಿ, ಯಾವುದೋ ರಾಷ್ಟ್ರೀಯ ದಿನಾಚರಣೆಗೆ ಸರಿಯಾಗಿ ಇಳಿಯಬೇಕೆಂದು ಯಾರಾದರೂ ಆ ವಿಜ್ಞಾನಿಗಳನ್ನು ಅವಸರಪಡಿಸಿದರೆ ಅದಕ್ಕೆ ಅಂಜಬೇಕು. ಟೈಟನ್ನಿನಲ್ಲಿ ಹಣದ ಅವಸರವಿದ್ದಿತು. ಸರಕಾರದ ಕೆಲಸದಲ್ಲಿ ಹೆಮ್ಮೆಯ ಅವಸರ ಬರಬಹುದು. ಲೋಹಕ್ಕೆ ಇವೆರಡರ ಭೇದ ತಿಳಿಯುವುದಿಲ್ಲ.

ವಿದ್ಯಾರ್ಥಿಗಳು ಮಾಡಬಹುದಾದ ಒಂದು ಕೆಲಸವುಂಟು. ಟೈಟನ್ನಿನ ತನಿಖಾ ವರದಿಯು ಯಾರು ಬೇಕಾದರೂ ಓದಬಹುದಾದ ಪ್ರಕಟಿತ ದಾಖಲೆ. 2024ರ ಸಪ್ಟೆಂಬರಿನಲ್ಲಿ ನಡೆದ ವಿಚಾರಣೆಯೂ ಬಹಿರಂಗವಾಗಿಯೇ ನಡೆಯಿತು. ಕೆಟ್ಟ ನೌಕೆಯ ಬಗೆಗೆ ಇಷ್ಟು ತಿಳಿಯುವುದಾದರೆ ಒಳ್ಳೆಯ ನೌಕೆಯ ಬಗೆಗೂ ತಿಳಿಯಬೇಡವೆ? ಮತ್ಸ್ಯದ ಗೋಳವನ್ನು 6,000 ಮೀಟರಿನ ಒತ್ತಡಕ್ಕಿಂತ ಎಷ್ಟು ಹೆಚ್ಚಿನ ಒತ್ತಡಕ್ಕೆ ಒಡ್ಡಿ ನೋಡುತ್ತಾರೆ, ಎಷ್ಟು ಸಲ ಒಡ್ಡುತ್ತಾರೆ, ಆಗ ಸಂಸ್ಥೆಗೆ ಸೇರದ ಪರೀಕ್ಷಕರು ಯಾರು ಹಾಜರಿರುತ್ತಾರೆ, ಒಳಗೆ ಯಾರೂ ಇಲ್ಲದೆ ಎಷ್ಟು ಆಳದವರೆಗೆ ಇಳಿಸುತ್ತಾರೆ, ಮಾಪಕವು ಬೇರೆಯ ಅಂಕೆ ತೋರಿಸಿದರೆ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ — ಈ ಪ್ರಶ್ನೆಗಳನ್ನು ಬರೆಯಲು ಒಂದು ಅಂಚೆಯ ಕಾಗದ ಸಾಕು. ಕಲಘಟಗಿಯ ಅಥವಾ ಕುಂದಗೋಳದ ವಿಜ್ಞಾನ ಸಂಘದ ಹೆಸರಿನಿಂದ ಅದನ್ನು ಚೆನ್ನೈಗೆ ಕಳಿಸಬಹುದು. ಉತ್ತರ ಬಂದರೆ ಅದನ್ನು ಕನ್ನಡದಲ್ಲಿ ಇದೇ ಪತ್ರಿಕೆಯಲ್ಲಿ ಅಚ್ಚುಮಾಡಬೇಕೆಂದು ಸಂಪಾದಕರನ್ನು ಕೇಳಿಕೊಳ್ಳುತ್ತೇವೆ.